ಹನ್ನೊಂದನೇ ಬುತ್ತಿ

ಲಾಭವಿಲ್ಲದ ಊರಿನಲ್ಲಿ ಟವರ್ ಯಾಕಿರಬೇಕು ಎಂಬ ಪ್ರಶ್ನೆ ಫೋನ್ ಕಂಪನಿಗಳಿಗೆ ಹೊಳೆದ ವರ್ಷವೇ ನಮ್ಮ ಹೊನ್ನೂರುಗುಡ್ಡದ ಫೋನುಗಳು ಸತ್ತವು. ಗಣಿ ಮುಚ್ಚಿ ಆಗಲೇ ಆರು ವರ್ಷವಾಗಿತ್ತು. ಅದಿರಿನ ಲಾರಿ ಇಲ್ಲ, ಲಾರಿಯವರ ಖಾನಾವಳಿ ಇಲ್ಲ, ರೀಚಾರ್ಜ್ ಮಾಡಿಸುವವರೂ ಇಲ್ಲ. ಒಂದು ಬೇಸಿಗೆಯಲ್ಲಿ ಕ್ರೇನ್ ತಂದು ಮೂರೂ ಟವರುಗಳನ್ನು ಬಿಚ್ಚಿ ಕಬ್ಬಿಣ ಹೇರಿಕೊಂಡು ಹೋದರು. ಅನುಕೂಲವಿದ್ದವರು ಉಪಗ್ರಹದಿಂದ ನೇರವಾಗಿ ಸಂಪರ್ಕ ಕೊಡುವ ಸಾಧನ ಹಾಕಿಸಿಕೊಂಡರು. ಅಂಥವರು ಊರಿನಲ್ಲಿ ನಾಲ್ಕೇ ಮಂದಿ. ಅವರಲ್ಲಿ ಒಬ್ಬರು ನಮ್ಮ ಪಾಲಿಟೆಕ್ನಿಕ್ಕಿನ ಪ್ರಿನ್ಸಿಪಾಲರು.

ನಾನು ಆ ಪಾಲಿಟೆಕ್ನಿಕ್ಕಿನ ನೆಟ್‌ವರ್ಕಿಂಗ್ ಲ್ಯಾಬಿನ ಇನ್‌ಸ್ಟ್ರಕ್ಟರ್, ಹೆಸರು ಹಾಲಮ್ಮ. ಇಪ್ಪತ್ತಾರು ವರ್ಷ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳಿಗೆ ಕೆಂಪು ಶಾಯಿಯಲ್ಲಿ ಸಹಿ ಹಾಕಿದ್ದೇನೆ. ನಮ್ಮಲ್ಲಿ ರೆಕಾರ್ಡ್ ಎಂದರೆ ಏನೆಂದು ಡಿಪ್ಲೊಮಾ ಓದಿದ ಯಾರನ್ನಾದರೂ ಕೇಳಿ. ತರಗತಿಯಲ್ಲಿ ಒಬ್ಬ ಬರೆಯುತ್ತಾನೆ, ಐವತ್ತೊಂಬತ್ತು ಮಂದಿ ನೋಡಿ ಇಳಿಸುತ್ತಾರೆ. ಆ ಒಬ್ಬ ತಪ್ಪು ಬರೆದಿದ್ದರೆ ಅರವತ್ತೂ ಪುಸ್ತಕಗಳಲ್ಲಿ ಅದೇ ತಪ್ಪು ಅದೇ ಸಾಲಿನಲ್ಲಿ ಸಿಗುತ್ತದೆ. ನಾನು ನೋಡಿಯೂ ನೋಡದಂತೆ ಸಹಿ ಹಾಕುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ ಎನ್ನುವುದು ನನ್ನ ಸಮಾಧಾನವಾಗಿತ್ತು.

ಟವರ್ ಹೋದ ವರ್ಷ ಇಲಾಖೆಗೆ ಒಂದು ಯೋಚನೆ ಬಂತು. ನೆಟ್‌ವರ್ಕಿಂಗ್ ಲ್ಯಾಬ್ ಎಂದರೆ ಒಂದು ಕೋಣೆಯೇ ಯಾಕಾಗಬೇಕು? ಊರೇ ಲ್ಯಾಬ್ ಆಗಲಿ. ಹಾಗೆಂದು ಅರವತ್ತು ವಿದ್ಯಾರ್ಥಿಗಳಿಗೆ ಅರವತ್ತು ಪೆಟ್ಟಿಗೆ ಕಳಿಸಿದರು. ಊಟದ ಡಬ್ಬಿಯಷ್ಟು ಗಾತ್ರ. ಒಳಗೆ ಪುಟ್ಟ ಕಂಪ್ಯೂಟರ್, ಬ್ಯಾಟರಿ, ರೇಡಿಯೋ. ಮುಚ್ಚಳದ ಮೇಲೆ ಸೋಲಾರ್ ಹಾಳೆ. ಪಕ್ಕದಲ್ಲಿ ಕಿವಿ ಗಡಚಿಕ್ಕುವ ಸ್ಪೀಕರ್. ವಿದ್ಯಾರ್ಥಿ ಅದನ್ನು ಮನೆಗೆ ಒಯ್ದು ಮಾಳಿಗೆಯ ಮೇಲಿಡಬೇಕು. ಒಂದು ಪೆಟ್ಟಿಗೆ ಹತ್ತಿರದ ಪೆಟ್ಟಿಗೆಗೆ ಮಾತು ದಾಟಿಸುತ್ತದೆ, ಅದು ಮುಂದಿನದಕ್ಕೆ. ಟವರಿನ ಹಂಗೇ ಇಲ್ಲ. ಸೆಮಿಸ್ಟರ್ ಮುಗಿಯುವವರೆಗೆ ಪೆಟ್ಟಿಗೆಯನ್ನು ಬದುಕಿಸಿಕೊಂಡವರಿಗೆ ಇಪ್ಪತ್ತು ಅಂಕ. ಊರಿನವರು ಅದನ್ನು ಬುತ್ತಿ ಎಂದು ಕರೆದರು. ಎರಡೇ ತಿಂಗಳಲ್ಲಿ ರೇಷನ್ ಬಂದ ಸುದ್ದಿ, ನರ್ಸು ಬರುವ ದಿನ, ಯಾರದೋ ಹೆರಿಗೆ, ಯಾರದೋ ಸಾವು, ಎಲ್ಲವೂ ಬುತ್ತಿಯಲ್ಲೇ ಓಡಾಡತೊಡಗಿದವು. ನನ್ನ ಹುಡುಗ ಹುಡುಗಿಯರು ಅಂಕಕ್ಕಾಗಿ ಊರಿಗೆ ಬಾಯಿ ಕೊಟ್ಟಿದ್ದರು. ನನಗೂ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಊರಿಗೆ ಬಾಯಿ ಬೇಕಾಗಿದ್ದು ರಾಡಿಕಟ್ಟೆಯ ದೆಸೆಯಿಂದ. ಗಣಿ ನಡೆಯುತ್ತಿದ್ದಾಗ ಅದಿರು ತೊಳೆದ ಕೆಂಪು ರಾಡಿಯನ್ನೆಲ್ಲ ಗುಡ್ಡದ ಸಂದಿಯಲ್ಲಿ ಒಂದು ಮಣ್ಣಿನ ಒಡ್ಡು ಕಟ್ಟಿ ತುಂಬಿಟ್ಟಿದ್ದರು. ಕಂಪನಿ ಹೋಯಿತು, ರಾಡಿ ಉಳಿಯಿತು. ಅದರ ಬುಡದಲ್ಲೇ ಕೆಳಗಿನ ಕ್ಯಾಂಪ್, ಗಣಿ ಕೂಲಿಗಳಿಗೆಂದು ಕಟ್ಟಿದ ಲೈನ್ ಮನೆಗಳು. ಒಡ್ಡಿನೊಳಗೆ ನೀರಿನ ಒತ್ತಡ ಅಳೆಯುವ ಯಂತ್ರಗಳಿದ್ದವು. ಟವರ್ ಹೋದ ಮೇಲೆ ಅವು ಹೇಳುವುದನ್ನು ಕೇಳುವವರಿರಲಿಲ್ಲ. ತಹಸೀಲ್ದಾರರು ಅವುಗಳ ತಂತಿಯನ್ನು ನಮ್ಮ ಲ್ಯಾಬಿನ ದೊಡ್ಡ ಪರದೆಗೆ ಜೋಡಿಸಿಕೊಟ್ಟು, ಇನ್ನು ನಿಮ್ಮದೇ ಜವಾಬ್ದಾರಿ ಎಂದು ಜೀಪು ಹತ್ತಿದರು.

ಬುತ್ತಿ ಎಚ್ಚರಿಕೆ ಕೊಡುವ ರೀತಿಯನ್ನು ಇಲ್ಲಿ ಹೇಳಬೇಕು. ಒಮ್ಮೆಲೇ ಎಲ್ಲರಿಗೂ ಕೂಗಿಬಿಡುವುದು ಸುಲಭ. ಆದರೆ ಯಾರು ಕೇಳಿದರು, ಯಾರು ಕೇಳಲಿಲ್ಲ ಎಂದು ತಿಳಿಯುವುದಿಲ್ಲ. ಹಾಗಾಗಿ ಲ್ಯಾಬಿನ ಯಂತ್ರ ಹಾಜರಿ ಕರೆಯುವ ಮೇಷ್ಟರಂತೆ ಪಟ್ಟಿ ಹಿಡಿದು ಕೂರುತ್ತದೆ. ಒಂದೊಂದು ಬುತ್ತಿಯ ಹೊಟ್ಟೆಯಲ್ಲೂ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತು ಇರುತ್ತದೆ. ಯಂತ್ರ ಆ ಗುರುತನ್ನು ಕರೆಯುತ್ತದೆ. ಆ ಗುರುತಿನ ಬುತ್ತಿ ಮಾತ್ರ ಕೂಗಿಕೊಂಡು, ‘ತಲುಪಿತು’ ಎಂದು ಉತ್ತರ ಕಳಿಸುತ್ತದೆ. ಉತ್ತರ ಬಂದರೆ ಪರದೆಯ ಮೇಲೆ ಆ ಸಾಲು ಹಸಿರು. ಬಾರದಿದ್ದರೆ ಬರುವವರೆಗೆ ಬೇರೆ ಬೇರೆ ದಾರಿಯಲ್ಲಿ ಕರೆಯುತ್ತಲೇ ಇರುತ್ತದೆ.

ಆಗಸ್ಟಿನಲ್ಲಿ ಬುತ್ತಿಗಳನ್ನು ನೋಡಿಬರಲು ನಾನು ಕೆಳಗಿನ ಕ್ಯಾಂಪಿಗೆ ಹೋಗಿದ್ದೆ. ಹನ್ನೊಂದನೇ ಬುತ್ತಿ ಹುಲಿಗೆಮ್ಮನದು. ತಂದೆ ಇಲ್ಲದ ಹುಡುಗಿ, ಮಾತು ಕಡಿಮೆ, ಕೈಕೆಲಸ ಅಚ್ಚುಕಟ್ಟು. ಅವಳ ಮನೆ ಕ್ಯಾಂಪಿನ ಕಡೇ ಸಾಲಿನಲ್ಲಿ, ಹಳ್ಳದ ಆಚೆ, ಒಡ್ಡಿಗೆ ಬೆನ್ನು ಕೊಟ್ಟು ಕೂತಿತ್ತು. ಆ ಸಾಲಿನಲ್ಲಿ ಏಳು ಮನೆ, ಏಳಕ್ಕೂ ಸೇರಿ ಒಂದೇ ಬುತ್ತಿ. ಅವಳ ತಾಯಿ ದುರುಗವ್ವ ನಡುಮನೆಯಲ್ಲಿ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದಳು.

“ಇದು ಕೂಗಿದ್ರ ನಾ ತಾಟು ಬಡೀತೀನ್ರಿ ಮೇಡಮ್ಮೋರ. ಸಾಲಿನ ಮಂದಿಗೆಲ್ಲ ಹೇಳೀನಿ. ತಾಟಿನ ಸಪ್ಪಳ ಕೇಳಿದ್ರ ಒಲಿ ಮ್ಯಾಲಿನ ಅನ್ನಾನೂ ನೋಡಬ್ಯಾಡ್ರಿ, ಗುಡ್ಡ ಹತ್ರಿ ಅಂತ.”

“ನೀ ಮನ್ಯಾಗ ಇರದಾಗ ಕೂಗಿದ್ರ?”

“ಎಲ್ಲಿಗೆ ಹೋಗ್ಲಿರಿ? ಗಣಿ ಇದ್ದಾಗ ಹೊರಗಿದ್ದೆ, ಈಗ ಸೂಜಿ ಹಿಡ್ಕೊಂಡು ಇಲ್ಲೇ ಕುಂತಿರ್ತೀನಿ. ಸಂತಿಗೂ ಮಗಳ ಹೋಗ್ತಾಳ.”

ಪಕ್ಕದ ಮನೆಯ ದೊಡ್ಡಬಸಪ್ಪ ಬಾಗಿಲಲ್ಲಿ ನಿಂತು ನಕ್ಕ. ಗಣಿಯಲ್ಲಿ ಡ್ರಿಲ್ಲಿಂಗ್ ಮಾಡಿ ಕಿವಿ ಅರ್ಧ ಹೋದ ಮನುಷ್ಯ. “ಹೋದ ವಾರ ಸುಳ್ಳ ಪರೀಕ್ಷಾ ಮಾಡಿದ್ರಲ್ರಿ, ಆವಾಗ ಈಕಿ ತಾಟು ಬಡದ ಬಡದು ತಗ್ಗು ಬಿದ್ದೈತ್ರಿ. ನಮ್ಮ ಈರಮ್ಮ ಅರ್ಧಾ ಜಳಕದಾಗ ಓಡಿ ಬಂದ್ಲು.”

ಒಳಗಿನಿಂದ ಅವನ ಹೆಂಡತಿ ಈರಮ್ಮ ಬೈದದ್ದು ಕೇಳಿಸಿತು. ಎಲ್ಲರೂ ನಕ್ಕೆವು. ದುರುಗವ್ವ ಮಂಡಕ್ಕಿ ಕೊಟ್ಟಳು, ಚಹಾ ಕೊಟ್ಟಳು. ಮೇಲೆ ಒಡ್ಡು ಕಾಣುತ್ತಿತ್ತು. ನಾನು ಆ ಕಡೆ ಬೆನ್ನು ಮಾಡಿ ಕೂತು ಚಹಾ ಕುಡಿದೆ.

ಸೆಪ್ಟೆಂಬರಿನಲ್ಲಿ ತಪಾಸಣೆ ಸಮಿತಿ ಬರುತ್ತದೆ ಎಂದು ತಿಳಿಯಿತು. ನಮ್ಮ ಊರಿನ ಕೆಂಪು ಧೂಳಿಗೆ ಕಾಲೇಜೂ ಒಂದೇ, ಪೆಟ್ಟಿಗೆಯೂ ಒಂದೇ. ಅಷ್ಟರೊಳಗೆ ಒಂಬತ್ತು ಬುತ್ತಿಗಳ ಮೆಮೊರಿ ಕಾರ್ಡು ಕೆಟ್ಟಿದ್ದವು. ಹನ್ನೊಂದನೆಯದೂ ಅದರಲ್ಲಿತ್ತು. ಹೊಸ ಕಾರ್ಡಿಗೆ ಎಲ್ಲವನ್ನೂ ಮೊದಲಿನಿಂದ ಹಾಕಿ ನಿಲ್ಲಿಸಲು ಒಂದೊಂದಕ್ಕೆ ಅರ್ಧ ದಿನ ಬೇಕು. ಸಮಿತಿ ಬರಲು ಉಳಿದಿದ್ದದ್ದು ಒಂದೇ ದಿನ.

“ವಿರೂಪಾಕ್ಷಿದು ಛಲೋ ನಡದೈತಲ್ರಿ ಮೇಡಂ,” ಎಂದ ಲ್ಯಾಬಿನ ಸಹಾಯಕ ಖಾಜಾಹುಸೇನ್. “ಅವನ ಕಾರ್ಡನ್ನ ಒಂಬತ್ತಕ್ಕೂ ಕಾಪಿ ಹೊಡದ್ರ ತಾಸಿನಾಗ ಮುಗೀತೈತ್ರಿ.”

ವಿರೂಪಾಕ್ಷಿ ತರಗತಿಗೆ ಮೊದಲಿಗ. ಅವನ ಮನೆ ಕಾಲೇಜಿನ ಹಿಂದೆ, ಗುಡ್ಡದ ಮೇಲೆ. ಅವನ ರೆಕಾರ್ಡನ್ನು ಎಲ್ಲರೂ ಇಳಿಸುತ್ತಿದ್ದರು, ಈಗ ಅವನ ಕಾರ್ಡನ್ನೂ ಇಳಿಸಿದರು. ಹಾಗೆ ಮಾಡಿದರೆ ಅವನ ಬುತ್ತಿಯ ಹೊಟ್ಟೆಯೊಳಗಿನ ಗುರುತೂ ಒಂಬತ್ತಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಒಬ್ಬನ ಹಾಜರಿಯನ್ನು ಇನ್ನೊಬ್ಬ ಹೇಳಿದಂತೆ ಆಗುತ್ತದೆ ಎಂದೂ ಗೊತ್ತಿತ್ತು. ಸಮಿತಿ ಹೋದ ಮೇಲೆ ಗುರುತು ಬದಲಿಸಿದರಾಯಿತು ಎಂದೆ. ಹೊರಗೆ ಅಂಟಿಸಿದ ನಂಬರು ಬೇರೆ ಬೇರೆ ಇತ್ತಲ್ಲ, ಯಂತ್ರದ ಪಟ್ಟಿಯಲ್ಲಿ ಆ ಒಂಬತ್ತು ನಂಬರುಗಳ ಹಿಂದೆ ಈಗ ಈ ಒಂದೇ ಗುರುತು ಕೂತಿದ್ದರೂ ಪರದೆಯ ಮೇಲೆ ಅರವತ್ತು ಸಾಲು ಅರವತ್ತಾಗಿಯೇ ಕಂಡವು. ಸಮಿತಿಯವರು ಅರವತ್ತು ಹಸಿರು ನೋಡಿ ಫೋಟೋ ತೆಗೆಸಿಕೊಂಡು, ಊಟ ಮಾಡಿ ಹೋದರು.

ಗುರುತು ಬದಲಿಸುವುದನ್ನೇ ಹನ್ನೆರಡನೇ ಪ್ರಯೋಗವಾಗಿ ಕೊಟ್ಟೆ. ಎಲ್ಲರೂ ಬರೆದು ತಂದರು. ಎಂಟು ಮಂದಿ ಮಾಡಿಯೂ ಇದ್ದರು, ಅದನ್ನು ನಾನೇ ಕೂತು ಮಾಡಿಸಿದ್ದೆ. ಒಂಬತ್ತನೆಯವಳು ಹುಲಿಗೆಮ್ಮ. ಅವಳು ಒಂದು ಶುಕ್ರವಾರ ಸಂಜೆ ಬುತ್ತಿಯನ್ನು ಸೆರಗಿನೊಳಗೆ ಕಟ್ಟಿಕೊಂಡು ಬಂದಳು. ಕರೆಂಟು ಹೋಗಿತ್ತು, ನಾನು ಬೀಗ ಹಾಕುತ್ತಿದ್ದೆ.

“ಮೇಡಂ, ನಂದೊಂದು ಬಾಕಿ ಐತ್ರಿ. ಒಮ್ಮೊಮ್ಮೆ ಸುದ್ದಿನ ಬರವಲ್ದು.”

“ರೆಕಾರ್ಡಿನ್ಯಾಗ ಬರದೀಯಿಲ್ಲ?”

“ಬರದೀನ್ರಿ. ಮಾಡಿಲ್ರಿ.”

“ಬರದೀಯಲ್ಲ, ಕೊಡಿಲ್ಲೆ.” ಪುಸ್ತಕ ತೆಗೆದುಕೊಂಡು ಗೋಡೆಗೆ ಆನಿಸಿ ಸಹಿ ಹಾಕಿದೆ. “ಕರೆಂಟಿಲ್ಲ ಇವತ್ತು. ಸೋಮವಾರ ಬಾ, ಮಾಡೋಣಂತ.”

ಸೋಮವಾರ ಪ್ರಿನ್ಸಿಪಾಲರು ಅಂಕಪಟ್ಟಿ ಕೇಳಿದರು. ಮಂಗಳವಾರ ಇನ್ನೇನೋ ಬಂತು. ಅವಳು ಎರಡು ಸಲ ಬಾಗಿಲವರೆಗೆ ಬಂದು ನಿಂತದ್ದು ನೆನಪಿದೆ. ಸಹಿ ಬಿದ್ದ ಪ್ರಯೋಗವನ್ನು ಮತ್ತೆ ಮಾಡಿಸಿ ಎಂದು ಮೂರನೇ ಸಲ ಕೇಳುವ ಧೈರ್ಯ ನಮ್ಮ ಮಕ್ಕಳಿಗೆ ಇರುವುದಿಲ್ಲ. ನಾವೇ ಅದನ್ನು ಉಳಿಸಿರುವುದಿಲ್ಲ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಾಳೆ ಎಂದವಳು ನಾನು, ಹಾಳಾದದ್ದು ಬೇರೆಯವರ ಮನೆ.

ದೀಪಾವಳಿಗೆ ಹತ್ತು ದಿನ ಮುಂಚೆ ಹಿಂಗಾರು ಮಳೆ ಹಿಡಿಯಿತು. ನಾಲ್ಕನೇ ದಿನ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಮಧ್ಯಾಹ್ನದ ತಂಡದಲ್ಲಿ ಹುಲಿಗೆಮ್ಮ ಇದ್ದಳು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಪರದೆಯ ಮೂಲೆಯಲ್ಲಿ ಒಡ್ಡಿನ ಒತ್ತಡ ಗೆರೆ ದಾಟಿತು. ಯಂತ್ರ ಯಾರನ್ನೂ ಕೇಳಲಿಲ್ಲ, ಹಾಜರಿ ಕರೆಯಲು ಶುರುಮಾಡಿತು.

ಪರೀಕ್ಷೆ ನಿಂತಿತು. ಎಲ್ಲರೂ ಪರದೆಯ ಮುಂದೆ ನಿಂತೆವು. ಒಂದು, ಎರಡು, ಮೂರು, ಸಾಲುಗಳು ಹಸಿರಾಗುತ್ತಾ ಹೋದವು. ನಾಲ್ಕು ವಿರೂಪಾಕ್ಷಿಯದು, ಕಣ್ಣು ಮಿಟುಕಿಸುವುದರೊಳಗೆ ಹಸಿರಾಯಿತು. ಹನ್ನೊಂದು ಕೂಡ ಅಷ್ಟೇ ಬೇಗ ಹಸಿರಾಯಿತು. ಹಳ್ಳದ ಆಚೆಯ, ಎಲ್ಲಕ್ಕಿಂತ ದೂರದ ಬುತ್ತಿ ಅಷ್ಟು ಬೇಗ ಹೇಗೆ ಉತ್ತರಿಸಿತು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾಲ್ಕು ನಿಮಿಷಕ್ಕೆ ಅರವತ್ತಕ್ಕೆ ಅರವತ್ತು ಬಂತು. ಖಾಜಾಹುಸೇನ್ ಚಪ್ಪಾಳೆ ತಟ್ಟಿದ.

ಹುಲಿಗೆಮ್ಮ ಆಗಲೇ ಬಾಗಿಲ ಹತ್ತಿರ ಹೋಗಿದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ.

“ಎಲ್ಲಿಗೆ ಹೊಂಟಿ?”

“ಅವ್ವ ಒಬ್ಬಾಕಿ ಅದಾಳ್ರಿ ಮನ್ಯಾಗ.”

“ನೋಡಿಲ್ಲಿ, ನಿಮ್ಮದು ಹಸಿರು ಐತಿ. ತಲುಪೇತಿ. ನಿಮ್ಮವ್ವ ಇಷ್ಟೊತ್ತಿಗೆ ತಾಟು ಬಡದು ಗುಡ್ಡ ಹತ್ತಿರ್ತಾಳ. ನೀ ಕೆಳಗ ಹೋಗಿ ಆಕಿ ಮ್ಯಾಲ ಬಂದ್ರ ಮತ್ತ ನಿನ್ನ ಹುಡುಕೋರು ಯಾರು?”

ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೋಗಿ ಕುರ್ಚಿಯಲ್ಲಿ ಕೂತಳು. ನಾನು ಹೇಳಿದ್ದಕ್ಕೆ ಕೂತಳು. ಲ್ಯಾಬಿನಿಂದ ಅವಳ ಮನೆಗೆ ಓಡಿದರೆ ಹದಿನೈದು ನಿಮಿಷದ ದಾರಿ. ಒಡ್ಡು ಒಡೆದದ್ದು ಮೂರು ಐವತ್ತೆರಡಕ್ಕೆ.

ಸದ್ದು ಗುಡುಗಿನಂತೆ ಬಂತು, ಆದರೆ ಗುಡುಗಿನಂತೆ ನಿಲ್ಲಲಿಲ್ಲ. ಕಿಟಕಿಯಿಂದ ನೋಡಿದಾಗ ಕೆಳಗಿನ ಕ್ಯಾಂಪ್ ಇದ್ದ ಕಡೆ ಕೆಂಪು ರಾಡಿ ನಿಧಾನವಾಗಿ ತಿರುಗುತ್ತಿತ್ತು. ಉಳಿದ ಎಲ್ಲ ಸಾಲಿನವರೂ ಗುಡ್ಡ ಹತ್ತಿದ್ದರು, ಮುನ್ನೂರಕ್ಕೂ ಹೆಚ್ಚು ಜನ. ಬುತ್ತಿ ಅವರನ್ನು ಉಳಿಸಿತ್ತು. ಕಡೇ ಸಾಲಿನಲ್ಲಿ ದುರುಗವ್ವ, ಈರಮ್ಮ, ಇನ್ನಿಬ್ಬರು ಮುದುಕರು ಹೋದರು. ಉಳಿದವರು ಸದ್ದು ಕೇಳಿದ ಮೇಲೆ ಓಡಿ ಹೇಗೋ ಬದುಕಿದ್ದರು. ಅರವತ್ತಕ್ಕೆ ಅರವತ್ತು ತಲುಪಿತ್ತೆಂಬ ಸುದ್ದಿ ಅಂದೇ ಊರೆಲ್ಲ ಹಬ್ಬಿತು. ದುರುಗವ್ವ ಮೂರನೇ ದಿನ ಸಿಕ್ಕಳು, ಕೌದಿಯ ಸಮೇತ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಮುಂದಿನ ವಾರ ತನಿಖೆಯವರು ಬಂದರು, ನಮ್ಮ ಯಂತ್ರದ ದಾಖಲೆ ಒಯ್ದರು. ಅದರಲ್ಲಿ ಸ್ಪಷ್ಟವಾಗಿ ಇತ್ತು: ಅರವತ್ತೂ ಕಡೆ ಎಚ್ಚರಿಕೆ ತಲುಪಿದೆ, ಹನ್ನೊಂದನೇ ಪೆಟ್ಟಿಗೆ ಎರಡೇ ಸೆಕೆಂಡಿಗೆ ಉತ್ತರಿಸಿದೆ. ‘ಮನೆಯವರ ನಿರ್ಲಕ್ಷ್ಯ’ ಎಂದು ಬರೆದರು. ಒಡ್ಡಿಗೆ ಆರು ವರ್ಷ ಒಂದು ಬುಟ್ಟಿ ಮಣ್ಣು ಹಾಕದವರ ಹೆಸರು ಆ ಕಾಗದದಲ್ಲಿ ಇರಲಿಲ್ಲ. ಎಚ್ಚರಿಕೆ ಚೆನ್ನಾಗಿ ಕೆಲಸ ಮಾಡಿತ್ತಲ್ಲ, ಅವರಿಗೂ ಅಷ್ಟೇ ಸಾಕಿತ್ತು.

ಹನ್ನೆರಡನೇ ದಿನ ವಿರೂಪಾಕ್ಷಿ ಲ್ಯಾಬಿಗೆ ಬಂದ. ಕೂತ, ಎದ್ದ, ಮತ್ತೆ ಕೂತ.

“ಮೇಡಂ, ಆವತ್ತು ನಮ್ಮ ಮನಿ ಬುತ್ತಿ ಎರಡು ಸಲ ಕೂಗಿತಂತ್ರಿ. ನಮ್ಮವ್ವ ನಿನ್ನಿ ಮಾತಿಗೆ ಹೇಳಿದ್ಲು. ಎಲ್ಲಾರ್ದೂ ಒಂದ ಸಲ ಅಲ್ಲೇನ್ರಿ?”

ಪಟ್ಟಿಯನ್ನು ಬಿಡಿಸಿ, ನಂಬರುಗಳ ಹಿಂದಿನ ಗುರುತುಗಳನ್ನು ಪರದೆಗೆ ತಂದೆ. ನಾಲ್ಕಕ್ಕೂ ಹನ್ನೊಂದಕ್ಕೂ ಒಂದೇ ಗುರುತು. ಯಂತ್ರ ನಾಲ್ಕನ್ನು ಕರೆದಾಗ ಹತ್ತಿರದ ದಾರಿ ಹಿಡಿದು ವಿರೂಪಾಕ್ಷಿಯ ಮನೆಗೆ ಹೋಯಿತು. ಹನ್ನೊಂದನ್ನು ಕರೆದಾಗಲೂ ಅದೇ ಮನೆಗೆ ಹೋಯಿತು. ಅಲ್ಲಿನ ಬುತ್ತಿ ಎರಡೂ ಸಲ ನಿಯತ್ತಾಗಿ ‘ತಲುಪಿತು’ ಎಂದಿತು. ಹಳ್ಳದ ಆಚೆ ದುರುಗವ್ವನ ಮಾಳಿಗೆಯ ಮೇಲೆ ಹನ್ನೊಂದನೇ ಬುತ್ತಿ ಮಳೆಯಲ್ಲಿ ನೆನೆಯುತ್ತ ಸುಮ್ಮನೆ ಕೂತಿತ್ತು. ಈಚೆ ದಡದ ಬುತ್ತಿಗಳ ಕೂಗು ಮಳೆಯ ಅಬ್ಬರದಲ್ಲಿ ಕೇಳಿರಲಿಕ್ಕಿಲ್ಲ.

ವಿರೂಪಾಕ್ಷಿ ಅಳುತ್ತಿದ್ದ. “ನಂದ ಕಾರ್ಡ್ರಿ,” ಎಂದ.

“ನಿಂದಲ್ಲಪ್ಪ,” ಎಂದೆ. “ನಿನ್ನ ಕಾರ್ಡು ಸರಿ ಇತ್ತು. ಕಾಪಿ ಹೊಡಸಿದಾಕಿ ನಾನು, ಮಾಡದ ಕೆಲಸಕ್ಕ ಸಹಿ ಹಾಕಿದಾಕಿ ನಾನು. ನೀ ಮನಿಗೆ ನಡಿ.”

ಪ್ರಿನ್ಸಿಪಾಲರಿಗೆ ಹೇಳಿದೆ. ಮೈಸೂರು ಕಡೆಯ ಮೃದು ಮಾತಿನ ಮನುಷ್ಯ. ಪೇಪರ್‌ವೇಟ್ ತಿರುಗಿಸಿದರು.

“ಹಾಲಮ್ಮ, ಹೋದವರು ಹೋದ್ರು. ಮುನ್ನೂರು ಜನ ಉಳಿದಿದ್ದಾರೆ, ಅದು ನಮ್ಮ ಕಾಲೇಜಿನ ಪುಣ್ಯ. ಈಗ ಇದನ್ನ ಎತ್ತಿದ್ರೆ ಇಲಾಖೆಯವರು ಬುತ್ತಿ ಎಲ್ಲಾ ವಾಪಸ್ ತಗೊಂಡು ಹೋಗ್ತಾರೆ. ಊರಿಗೆ ಮತ್ತೆ ಬಾಯಿ ಇರಲ್ಲ. ನಿಮಗೂ ಇನ್ನು ನಾಲ್ಕು ವರ್ಷ ಸರ್ವಿಸ್ ಇದೆ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನಾನು ಆರು ದಿನ ಸುಮ್ಮನಿದ್ದೆ. ಏಳನೇ ದಿನ ತನಿಖೆಯವರಿಗೆ ಎಲ್ಲವನ್ನೂ ಬರೆದು ಕಳಿಸಿದೆ. ‘ಸ್ವೀಕರಿಸಲಾಗಿದೆ’ ಎಂದು ಒಂದು ಸಾಲಿನ ಉತ್ತರ ಬಂತು. ಆಮೇಲೆ ಏನೂ ಬರಲಿಲ್ಲ.

ಆ ಆರು ದಿನಗಳಲ್ಲಿ ಹುಲಿಗೆಮ್ಮ ಒಂದು ದಿನವೂ ಕಾಲೇಜಿಗೆ ಬರಲಿಲ್ಲ. ಖಾಜಾಹುಸೇನ್ ಹೇಳಿದ, ಸಂತ್ರಸ್ತರಿಗೆ ಹಾಕಿದ ತಗಡಿನ ಶೆಡ್ಡಿನಲ್ಲಿ ಅವಳ ಸಂಗಡ ಯಾರೂ ಮಾತಾಡುವುದಿಲ್ಲ ಎಂದು. ನಲ್ಲಿಯಲ್ಲಿ ಅವಳ ಕೊಡ ಕಂಡರೆ ಪಕ್ಕಕ್ಕೆ ಸರಿಸುತ್ತಾರಂತೆ. ಬುತ್ತಿ ಇದ್ದ ಮನೆಯವಳು ಕೂಗು ಕೇಳಿಯೂ ತಾಟು ಬಡಿಯಲಿಲ್ಲ, ಕೌದಿ ಹೊಲಿಯುತ್ತ ಕೂತಳು, ತಾನೂ ಸತ್ತಳು, ಸಾಲಿನವರನ್ನೂ ಕೊಂದಳು. ಸರಕಾರದ ಕಾಗದವೇ ಹಾಗೆ ಹೇಳಿದ ಮೇಲೆ ಜನ ಇನ್ನೇನು ಹೇಳುತ್ತಾರೆ? ಒಬ್ಬ ಹೆಂಗಸನ್ನು ನಾನು ಎರಡು ಸಲ ಕೊಂದಿದ್ದೆ.

ಭಾನುವಾರ ಶೆಡ್ಡಿಗೆ ಹೋದೆ. ಹುಲಿಗೆಮ್ಮ ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಅಭ್ಯಾಸ. ನಾನು ನಿಂತೇ ಹೇಳಿದೆ. ಕಾರ್ಡು ಕಾಪಿಯಾದದ್ದು, ಗುರುತು, ಎರಡು ಸಲ ಕೂಗಿದ ವಿರೂಪಾಕ್ಷಿಯ ಬುತ್ತಿ, ಎಲ್ಲವನ್ನೂ. ಶುಕ್ರವಾರ ಸಂಜೆಯ ಸಹಿಯನ್ನೂ ಹೇಳಿದೆ.

“ಅಂದ್ರ ನಮ್ಮನಿ ಬುತ್ತಿ ಕೂಗೇ ಇಲ್ಲ.”

“ಇಲ್ಲವ್ವ.”

“ನಾನೂ ಬೈದೀನ್ರಿ ಆಕಿಗೆ,” ಎಂದಳು. “ಇಪ್ಪತ್ತು ದಿನ ಆತು. ದಿನಾ ಬೈದೀನಿ. ಯಾಕ ಏಳಲಿಲ್ಲ ನೀನು, ಏನ್ ಬಡದಿತ್ತು ನಿನಗ ಅಂತ.”

ಕಾಲಿಗೆ ಬೀಳೋಣ ಎನಿಸಿತು. ಬಿದ್ದರೆ ಅವಳು ನನ್ನನ್ನು ಎತ್ತಬೇಕಾಗುತ್ತದೆ, ಸಮಾಧಾನ ಹೇಳಬೇಕಾಗುತ್ತದೆ. ಆ ಭಾರವನ್ನೂ ಅವಳ ಮೇಲೆ ಹೊರಿಸುವುದು ಬೇಡವೆಂದು ನಿಂತೇ ಇದ್ದೆ. “ನನ್ನಿಂದ ಆತವ್ವ,” ಎಂದೆ.

“ನನಗ ಹೇಳಿ ಏನು ಮಾಡ್ತೀರಿ? ಅಲ್ಲಿ ಹೇಳ್ರಿ.” ಮೊರವನ್ನು ಒಳಗಿಟ್ಟು ಬಂದು ತಗಡಿನ ಬಾಗಿಲುಗಳ ಸಾಲನ್ನು ತೋರಿಸಿದಳು. “ನಡೀರಿ.”

ಮೊದಲ ಬಾಗಿಲು ದೊಡ್ಡಬಸಪ್ಪನದು. ಹುಲಿಗೆಮ್ಮನನ್ನು ಕಂಡು ಅವನು ಮುಖ ತಿರುಗಿಸಿದ. ನಾನು ಅವನಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಬೇಕಾಯಿತು. ಅಕ್ಕಪಕ್ಕದ ಶೆಡ್ಡಿನವರೂ ಹೊರಗೆ ಬಂದು ನಿಂತರು. ಯಂತ್ರದ ವಿಷಯ ಅವನಿಗೆ ಎಷ್ಟು ತಿಳಿಯಿತೋ. ಕೊನೆಗೆ ಒಂದೇ ಕೇಳಿದ.

“ಅಂದ್ರ ದುರುಗವ್ವಗ ಗೊತ್ತ ಇರ್ಲಿಲ್ಲೇನ್ರಿ?”

“ಗೊತ್ತಿರ್ಲಿಲ್ಲ. ಗೊತ್ತಿದ್ರ ಮೊದ್ಲು ನಿಮ್ಮ ಮನಿ ಬಾಗಲಾ ಬಡೀತಿದ್ಲು.”

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹುಲಿಗೆಮ್ಮನ ಕಡೆ ತಿರುಗಿದ.

“ನಿಮ್ಮವ್ವನ ಮಣ್ಣಿಗೆ ನಾ ಬರ್ಲಿಲ್ಲವಾ,” ಎಂದ. “ನಮ್ಮ ಸಾಲಿನ ಒಬ್ರಿಗೂ ಹೋಗಗೊಡ್ಲಿಲ್ಲ. ಅಡ್ಡ ನಿಂತಾಂವ ನಾನ.”

“ಗೊತ್ತೈತಿ ಕಾಕಾ,” ಎಂದಳು ಹುಲಿಗೆಮ್ಮ. “ಹೊರಾಕ ನಾಕು ಮಂದಿ ಸಿಗಲಿಲ್ಲ. ಒಂದು ಕಡಿ ನಾನ ಹಿಡ್ಕೊಂಡೆ.”

ಅವನು ಹೊಸಿಲ ಮೇಲೆ ಕುಸಿದು ಕೂತ. ಅವಳು ಮುಂದಿನ ಬಾಗಿಲಿಗೆ ಹೋಗಿ ಚಿಲಕ ಬಡಿದಳು.